ಅಮೆರಿಕದಿಂದ ಜರ್ಮನಿಗೆ: ಅಂಚೆಪೆಟ್ಟಿಗೆಯ ಹೆಸರಿನಿಂದ ಕಸದ ಡಬ್ಬಿಯವರೆಗೆ

ಓದಿಗೋ ಕೆಲಸಕ್ಕೋ ಜರ್ಮನಿಗೆ ಬಂದಿಳಿಯುವ ಅಮೆರಿಕದ ಹುಡುಗ ಹುಡುಗಿಯರನ್ನು ಮೊದಲು ಕಾಡುವುದು ಭಾಷೆಯಲ್ಲ, ಕಾಗದಗಳ ಸರದಿ. ಬ್ಯಾಂಕಿನವರು ವಿಳಾಸದ ದಾಖಲೆ ಕೇಳುತ್ತಾರೆ. ಮನೆ ಮಾಲೀಕರು ಸಂಬಳದ ಚೀಟಿ, ಬ್ಯಾಂಕ್ ಖಾತೆ ಕೇಳುತ್ತಾರೆ. ವಲಸೆ ಕಚೇರಿಯವರು ಇವೆಲ್ಲವನ್ನೂ ಕೇಳಿ, ಮೇಲೆ ವಿಮೆಯ ಪತ್ರವನ್ನೂ ಕೇಳುತ್ತಾರೆ. ಈ ಗಂಟು ಬಿಚ್ಚುವ ತುದಿ ಒಂದೇ: ಸರ್ಕಾರಿ ನೋಂದಣಿಗೆ ಒದಗುವ ಒಂದು ವಿಳಾಸ. ಅದು ಕೈಗೆ ಸಿಕ್ಕರೆ ಉಳಿದದ್ದು ಒಂದರ ಹಿಂದೊಂದು ಬರುತ್ತದೆ. ಅದಿಲ್ಲದೆ ಯಾವ ಕಚೇರಿಗೆ ಅಲೆದರೂ ಚಪ್ಪಲಿ ಸವೆಯುತ್ತದೆ ಅಷ್ಟೆ.

ಪಾಸ್‌ಪೋರ್ಟು ಮತ್ತು 90 ದಿನದ ಲೆಕ್ಕ

ಅಮೆರಿಕದ ಪಾಸ್‌ಪೋರ್ಟು ಇರುವವರು ವೀಸಾ ಇಲ್ಲದೆ ಜರ್ಮನಿಗೆ ಬಂದು, 90 ದಿನದೊಳಗೆ ಇಲ್ಲಿಂದಲೇ ದೀರ್ಘಕಾಲದ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಕೆನಡಾ, ಜಪಾನ್, ಆಸ್ಟ್ರೇಲಿಯಾದಂಥ ಕೆಲವೇ ದೇಶದವರಿಗೆ ಇರುವ ಸೌಲಭ್ಯವಿದು. ಇಲ್ಲಿ ಲೆಕ್ಕಕ್ಕೆ ಬರುವುದು ಪಾಸ್‌ಪೋರ್ಟು ಮಾತ್ರ. ಅಮೆರಿಕದಲ್ಲಿ ಹುಟ್ಟಿ ಅಲ್ಲಿನ ಪಾಸ್‌ಪೋರ್ಟು ಹಿಡಿದ ಕನ್ನಡದ ಮಗುವಿಗೆ ಇದು ಸಿಗುತ್ತದೆ. ಅದೇ ಮನೆಯಲ್ಲಿ ಗ್ರೀನ್ ಕಾರ್ಡಿನ ಮೇಲಿರುವ, ಭಾರತದ ಪಾಸ್‌ಪೋರ್ಟಿನ ಅಣ್ಣನಿಗೆ ಸಿಗುವುದಿಲ್ಲ. ಅವನು ಮೊದಲೇ ವೀಸಾ ಮಾಡಿಸಿಕೊಂಡು ಬರಬೇಕು.

90 ದಿನ ಎಂದರೆ ಇಡೀ ಶೆಂಗೆನ್ ಪ್ರದೇಶದಲ್ಲಿ (ನಡುವೆ ಗಡಿ ತಪಾಸಣೆಯಿಲ್ಲದ ಯುರೋಪಿನ ದೇಶಗಳಲ್ಲಿ) ಕಳೆದ ದಿನಗಳು, ಯಾವುದೇ 180 ದಿನಗಳ ಅವಧಿಯೊಳಗೆ. ಬರುವ ಮುಂಚೆ ಇಟಲಿ, ಫ್ರಾನ್ಸ್ ಸುತ್ತಾಡಿ 30 ದಿನ ಕಳೆದಿದ್ದರೆ ಜರ್ಮನಿಯಲ್ಲಿ ಉಳಿದದ್ದು 60 ದಿನ. ವಲಸೆ ಕಚೇರಿ, ಅಂದರೆ ಔಸ್‌ಲೆಂಡರ್‌ಬೆಹ್ಯೋರ್ಡೆ, ದೊಡ್ಡ ಊರುಗಳಲ್ಲಿ ವಾರಗಳಲ್ಲ, ತಿಂಗಳುಗಳ ನಂತರದ ಸಮಯ ಕೊಡುವುದುಂಟು. ಸಮಯ ಸಿಗಲಿಲ್ಲವೆಂದು ಸುಮ್ಮನೆ ಕೂತರೆ ತಪ್ಪು ನಿಮ್ಮದೇ ಆಗುತ್ತದೆ. 90ನೇ ದಿನ ಮುಗಿಯುವ ಮುನ್ನ ಅರ್ಜಿ ಲಿಖಿತವಾಗಿ ಅವರಿಗೆ ತಲುಪಿರಬೇಕು. ಆನ್‌ಲೈನ್‌ನಲ್ಲಿ ಕಳಿಸಿದ ರಸೀದಿಯನ್ನೋ, ನೋಂದಾಯಿತ ಅಂಚೆಯ ಚೀಟಿಯನ್ನೋ ಜೋಪಾನವಾಗಿಡಿ.

ಸಕಾಲದಲ್ಲಿ ಅರ್ಜಿ ಹಾಕಿದವರಿಗೆ ತೀರ್ಮಾನ ಬರುವವರೆಗೆ ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್ ಎಂಬ ಮಧ್ಯಂತರ ಪತ್ರ ಕೊಡುತ್ತಾರೆ. ಅದರಲ್ಲಿ ಯಾವ ಚೌಕಕ್ಕೆ ಗುರುತು ಹಾಕಿದ್ದಾರೆ ಎಂದು ಕಣ್ಣಿಟ್ಟು ನೋಡಬೇಕು. ವೀಸಾ ಇಲ್ಲದೆ ಬಂದವರಿಗೆ ಸಾಮಾನ್ಯವಾಗಿ ವಾಸ ಕಾಯ್ದೆಯ 81ನೇ ಕಲಮಿನ 3ನೇ ಉಪಕಲಮಿನ ಗುರುತು ಇರುತ್ತದೆ. ಅದು ಜರ್ಮನಿಯೊಳಗೆ ಇರಲು ಅನುಮತಿ, ಹೊರಗೆ ಹೋಗಿ ಮತ್ತೆ ಒಳಬರಲು ಅಲ್ಲ. ಈ ಪತ್ರ ಹಿಡಿದು ಕ್ರಿಸ್‌ಮಸ್‌ಗೆಂದು ಚಿಕಾಗೋಗೆ ಹಾರಿದವರು ವಾಪಸ್ ಬರುವಾಗ ಸಿಕ್ಕಿಹಾಕಿಕೊಳ್ಳುತ್ತಾರೆ. 4ನೇ ಉಪಕಲಮಿನ ಗುರುತಿದ್ದರೆ, ಅಂದರೆ ಮೊದಲೇ ಇದ್ದ ಪರವಾನಗಿಯ ನವೀಕರಣವಾದರೆ, ಆ ತೊಂದರೆ ಇಲ್ಲ.

ಕೆಲಸದ ಮಾತು ಇನ್ನೂ ಬಿಗಿ. ನೌಕರಿಯ ಪತ್ರ ಕೈಯಲ್ಲಿದ್ದರೂ, ಕೆಲಸಕ್ಕೆ ಅನುಮತಿ ಇದೆ ಎಂದು ಪರವಾನಗಿಯಲ್ಲಿ ಬರೆದುಕೊಡುವವರೆಗೆ ಒಂದು ದಿನವೂ ದುಡಿಯುವಂತಿಲ್ಲ. ಕೆನಡಾದವರಿಗಿರುವ ಯುವಜನರ ವರ್ಕಿಂಗ್ ಹಾಲಿಡೇ ಒಪ್ಪಂದ ಅಮೆರಿಕಕ್ಕೂ ಜರ್ಮನಿಗೂ ನಡುವೆ ಇಲ್ಲ. ಆದ್ದರಿಂದ ದಾರಿಗಳು ಓದು, ನೌಕರಿ, ಓ-ಪೇರ್ (ಒಂದು ಮನೆಯಲ್ಲಿದ್ದು ಅವರ ಮಕ್ಕಳನ್ನು ನೋಡಿಕೊಳ್ಳುವುದು), ಭಾಷಾ ಕಲಿಕೆ, ಇಲ್ಲವೇ 2024ರಲ್ಲಿ ಶುರುವಾದ ಚಾನ್ಸನ್‌ಕಾರ್ಟೆ ಎಂಬ ಕೆಲಸ ಹುಡುಕುವ ಕಾರ್ಡು. ಓದಲು ಬರುವವರು ವರ್ಷದ ಖರ್ಚಿಗೆ ಹಣವಿದೆ ಎಂದು ತೋರಿಸಬೇಕು. ತಡೆಖಾತೆಯಲ್ಲಿ, ಅಂದರೆ ತಿಂಗಳಿಗಿಷ್ಟೇ ಎಂದು ಹಣ ಬಿಡುವ ಖಾತೆಯಲ್ಲಿ, ಇಡಬೇಕಾದ ಮೊತ್ತ 2024ರ ಸೆಪ್ಟೆಂಬರಿನಿಂದ 11,904 ಯೂರೊ. ಅದು ತಿಂಗಳಿಗೆ 992 ಯೂರೊನಂತೆ ಕೈಗೆ ಬರುತ್ತದೆ. ಓದುತ್ತಲೇ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು.

ಮನೆ: ಜಾಹೀರಾತು ಓದುವ ಬಗೆ

ಎರಡು ಕೋಣೆಯ ಮನೆ ಎಂದರೆ ಎರಡು ಬೆಡ್‌ರೂಮ್ ಅಲ್ಲ. ಜರ್ಮನರು ಹಾಲ್ ಅನ್ನೂ ಕೋಣೆಯೆಂದೇ ಎಣಿಸುತ್ತಾರೆ, ಅಡುಗೆಮನೆ ಬಚ್ಚಲನ್ನು ಎಣಿಸುವುದಿಲ್ಲ. ಹಾಗಾಗಿ ಅವರ ಎರಡು ಕೋಣೆ ಅಮೆರಿಕದ ಒನ್ ಬೆಡ್‌ರೂಮ್. ಮೊದಲ ಮಹಡಿ ಎಂದರೆ ನೆಲಮಹಡಿಯ ಮೇಲಿನದು. ಅಮೆರಿಕದವರು ಎರಡನೆಯದು ಎನ್ನುವುದು. ಭಾರತದ ಲೆಕ್ಕ ಗೊತ್ತಿದ್ದವರಿಗೆ ಇದು ಸಲೀಸು.

ಕಾಲ್ಟ್‌ಮೀಟೆ, ಅಂದರೆ ತಣ್ಣನೆ ಬಾಡಿಗೆ, ಬರಿಯ ಗೋಡೆಗಳ ಬೆಲೆ. ನೀರು, ಕಸ, ಮೆಟ್ಟಿಲು ಗುಡಿಸುವುದು, ಹೀಟಿಂಗ್ ಎಲ್ಲ ಸೇರಿದರೆ ವಾರ್ಮ್‌ಮೀಟೆ, ಬಿಸಿ ಬಾಡಿಗೆ. ಕರೆಂಟು ಮತ್ತು ಇಂಟರ್‌ನೆಟ್ ಸಾಮಾನ್ಯವಾಗಿ ಇದರಲ್ಲೂ ಸೇರುವುದಿಲ್ಲ. ತಿಂಗಳು ತಿಂಗಳು ಕಟ್ಟುವ ಈ ಇತರ ಖರ್ಚು ಬರೀ ಮುಂಗಡ. ವರ್ಷದ ಕೊನೆಗೆ ನಿಜವಾದ ಬಳಕೆಯ ಲೆಕ್ಕ ಹಾಕಿ, ಅವಧಿ ಮುಗಿದ 12 ತಿಂಗಳೊಳಗೆ ಮಾಲೀಕರು ಬಿಲ್ ಕಳಿಸುತ್ತಾರೆ. ಚಳಿಗಾಲವಿಡೀ ಕಿಟಕಿ ಓರೆ ತೆರೆದಿಟ್ಟು ಹೀಟರ್ ಉರಿಸಿದವರಿಗೆ ನೂರಾರು ಯೂರೊ ಹೆಚ್ಚಿನ ಬಿಲ್ ಬರುವುದು ಇದರಿಂದಲೇ.

ಠೇವಣಿ ಮೂರು ತಿಂಗಳ ತಣ್ಣನೆ ಬಾಡಿಗೆಗಿಂತ ಹೆಚ್ಚಿರಬಾರದು. ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗೆ ಕಾನೂನಿನಲ್ಲೇ ಇದೆ. ದಲ್ಲಾಳಿಯನ್ನು ಗೊತ್ತುಮಾಡಿದವರೇ ಅವನ ಕಮಿಷನ್ ಕೊಡಬೇಕೆಂಬ ನಿಯಮ 2015ರಿಂದ ಇದೆ. ಮಾಲೀಕರು ಕರೆಸಿದ ದಲ್ಲಾಳಿಗೆ ನೀವು ಕೊಡಬೇಕಾದ್ದಿಲ್ಲ. ಖಾಲಿ ಮನೆ ಎಂದರೆ ಅಕ್ಷರಶಃ ಖಾಲಿ: ಎಷ್ಟೋ ಕಡೆ ಅಡುಗೆಮನೆಯಲ್ಲಿ ಸಿಂಕೂ ಒಲೆಯೂ ಕಪಾಟೂ ಇರುವುದಿಲ್ಲ, ಸೂರಿನಿಂದ ಎರಡು ವೈರು ಮಾತ್ರ ಜೋತಾಡುತ್ತಿರುತ್ತವೆ. ಜಾಹೀರಾತಿನಲ್ಲಿ ಐನ್‌ಬೌಕ್ಯುಶೆ ಎಂದಿದ್ದರೆ ಅಡುಗೆಮನೆ ಜೋಡಿಸಿದೆ ಎಂದರ್ಥ.

ಮೊದಲ ವರ್ಷಕ್ಕೆ ಹೇಳಿಮಾಡಿಸಿದ್ದು ವೇಗೇ, ಅಂದರೆ ನಾಲ್ಕಾರು ಜನ ಹಂಚಿಕೊಳ್ಳುವ ಮನೆಯ ಒಂದು ಕೋಣೆ. ಅಲ್ಲಿ ಪಾತ್ರೆಪಗಡ ಇರುತ್ತದೆ, ಕಸದ ದಿನ ಯಾವುದೆಂದು ಹೇಳಿಕೊಡುವ ಜನರೂ ಇರುತ್ತಾರೆ. ವಿದ್ಯಾರ್ಥಿಗಳು ಪ್ರವೇಶಪತ್ರ ಬಂದ ದಿನವೇ ವಿದ್ಯಾರ್ಥಿ ಸೇವಾ ಸಂಸ್ಥೆಯಾದ ಶ್ಟುಡೀರೆಂಡನ್‌ವೆರ್ಕ್‌ನ ಹಾಸ್ಟೆಲ್‌ಗೆ ಅರ್ಜಿ ಹಾಕಬೇಕು, ಸರದಿ ಉದ್ದವಿರುತ್ತದೆ. ಮೋಸದ ಮನೆಗಳ ಗುರುತು ಸುಲಭ: ಪೇಟೆಯ ನಡುವೆ ಅಗ್ಗದ ಬಾಡಿಗೆ, ಮಾಲೀಕರು ಪರದೇಶದಲ್ಲಿ, ಠೇವಣಿ ಕಳಿಸಿದರೆ ಬೀಗದ ಕೈ ಅಂಚೆಯಲ್ಲಿ ಬರುತ್ತದೆಂಬ ಭರವಸೆ. ಮನೆ ಕಣ್ಣಾರೆ ಕಾಣದೆ ಒಂದು ಸೆಂಟೂ ಕಳಿಸಬೇಡಿ. ತಾತ್ಕಾಲಿಕ ಕೋಣೆ ನೋಡುವಾಗ ಮೊದಲ ಪ್ರಶ್ನೆ ಬಾಡಿಗೆಯದ್ದಲ್ಲ, “ಇಲ್ಲಿ ಆನ್‌ಮೆಲ್ಡುಂಗ್ ಮಾಡಬಹುದೇ?” ಅಂದರೆ ಈ ವಿಳಾಸವನ್ನು ನೋಂದಾಯಿಸಬಹುದೇ ಎನ್ನುವುದು. ಇಲ್ಲ ಎಂದರೆ ಎಷ್ಟೇ ಚೆಂದದ ಕೋಣೆಯಾದರೂ ಹೊಸಬರಿಗೆ ಅದು ಉಪಯೋಗಕ್ಕಿಲ್ಲ.

ಬೀಗದ ಕೈ ಪಡೆಯುವಾಗ ಹಸ್ತಾಂತರದ ಪಟ್ಟಿ ಬರೆಸಿ. ಗೋಡೆಯ ಗೀರು, ನೆಲದ ಕಲೆ, ಮೀಟರಿನ ಅಂಕಿ, ಬೀಗದ ಕೈಗಳ ಸಂಖ್ಯೆ ಎಲ್ಲ ಅದರಲ್ಲಿರಲಿ, ಫೋಟೋ ತೆಗೆದಿಡಿ. ಹೊರಡುವಾಗ ಠೇವಣಿಯ ಜಗಳ ನಿಲ್ಲುವುದು ಈ ಒಂದು ಹಾಳೆಯ ಮೇಲೆ.

ನೋಂದಣಿ

ಮನೆ ಸೇರಿದ ಎರಡು ವಾರದೊಳಗೆ ಬ್ಯುರ್ಗರ್‌ಆಮ್ಟ್ ಎಂಬ ನಾಗರಿಕ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಬೇಕಾದ್ದು ಪಾಸ್‌ಪೋರ್ಟು, ತುಂಬಿದ ಅರ್ಜಿ, ಮತ್ತು ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್. ಈ ಉದ್ದ ಹೆಸರಿನದು ಮನೆ ಕೊಟ್ಟವರು ಸಹಿ ಹಾಕುವ ಒಂದು ಪುಟದ ದೃಢೀಕರಣ. ಬಾಡಿಗೆ ಕರಾರು ಇದಕ್ಕೆ ಬದಲಿಯಲ್ಲ. ಕರಾರು ಮಾತ್ರ ಹಿಡಿದು ಹೋದವರನ್ನು ಕಿಟಕಿಯಿಂದಲೇ ವಾಪಸ್ ಕಳಿಸುತ್ತಾರೆ. ಎರಡು ವಾರದೊಳಗೆ ಸಮಯವೇ ಸಿಗದಿದ್ದರೆ, ಗಡುವಿನೊಳಗೆ ಕಾಯ್ದಿರಿಸಿದ ದಾಖಲೆಯನ್ನು ಇಟ್ಟುಕೊಳ್ಳಿ. ಬೆಳಿಗ್ಗೆ ಎಂಟರ ಹೊತ್ತಿಗೆ ಕಚೇರಿಯ ತಾಣ ತೆರೆದರೆ ಯಾರೋ ರದ್ದು ಮಾಡಿದ ಸಮಯ ಕೆಲವೊಮ್ಮೆ ಸಿಗುತ್ತದೆ.

ಅರ್ಜಿಯಲ್ಲಿ ಧರ್ಮದ ಒಂದು ಅಂಕಣವಿದೆ. ಅಮೆರಿಕದವರಿಗೆ ಇದು ವಿಚಿತ್ರ ಅನಿಸುತ್ತದೆ, ಕೆಲವರು ಯೋಚಿಸದೆ ಕ್ಯಾಥಲಿಕ್ ಎಂದು ಬರೆದುಬಿಡುತ್ತಾರೆ. ಅದರ ಬೆಲೆ ಸಂಬಳದ ಚೀಟಿಯಲ್ಲಿ ಕಾಣುತ್ತದೆ: ಕಟ್ಟುವ ಆದಾಯ ತೆರಿಗೆಯ ಮೇಲೆ ಬವೇರಿಯಾ ಮತ್ತು ಬಾಡೆನ್-ವ್ಯುರ್ಟೆಂಬರ್ಗ್‌ನಲ್ಲಿ ಶೇ 8, ಉಳಿದ ರಾಜ್ಯಗಳಲ್ಲಿ ಶೇ 9 ಚರ್ಚ್ ತೆರಿಗೆ. ಚರ್ಚಿಗೆ ಸೇರದವರು ಇಲ್ಲ ಎಂದು ಬರೆದರೆ ಮುಗಿಯಿತು.

ಹತ್ತು ನಿಮಿಷದ ಕೆಲಸ. ಕೂಡಲೇ ಮೆಲ್ಡೆಬೆಶೈನಿಗುಂಗ್ ಎಂಬ ನೋಂದಣಿ ಪತ್ರ ಕೈಗೆ ಬರುತ್ತದೆ. ಕೆಲವು ವಾರಗಳಲ್ಲಿ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಬರುತ್ತದೆ, ನಿಮ್ಮ ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿದ್ದರೆ! ಜರ್ಮನಿಯ ವಿಳಾಸದಲ್ಲಿ ಸಾಮಾನ್ಯವಾಗಿ ಅಪಾರ್ಟ್‌ಮೆಂಟ್ ಸಂಖ್ಯೆ ಇರುವುದಿಲ್ಲ. ಅಂಚೆಯವರು ಮನೆಯ ಸಂಖ್ಯೆ ನೋಡಿ ಬಂದು, ಪೆಟ್ಟಿಗೆಯ ಮೇಲೆ ಕುಟುಂಬದ ಹೆಸರು ಹುಡುಕುತ್ತಾರೆ, ಕಾಣದಿದ್ದರೆ ಪತ್ರ ವಾಪಸ್. ಮನೆಗೆ ಬಂದ ಮೊದಲ ಸಂಜೆಯೇ ಪೆಟ್ಟಿಗೆಗೂ ಕರೆಗಂಟೆಗೂ ಹೆಸರಿನ ಚೀಟಿ ಅಂಟಿಸಿ, ಪಾಸ್‌ಪೋರ್ಟಿನಲ್ಲಿರುವ ಅಕ್ಷರಗಳಲ್ಲೇ. ಬ್ಯಾಂಕ್ ಕಾರ್ಡು, ಅದರ ಗುಟ್ಟಿನ ಸಂಖ್ಯೆ, ವಿಮೆಯ ಕಾರ್ಡು, ತೆರಿಗೆ ಸಂಖ್ಯೆ ಎಲ್ಲ ಬರುವುದು ಅಂಚೆಯಲ್ಲೇ. ಹೊಸಬರ ಅರ್ಧ ತಲೆನೋವು ಈ ಚೀಟಿ ಇಲ್ಲದ್ದರಿಂದ ಹುಟ್ಟಿದ್ದು.

ತೆರಿಗೆ ಸಂಖ್ಯೆ ಬರುವ ಮುನ್ನವೇ ಸಂಬಳ ಶುರುವಾದರೆ ಕಂಪನಿ ದುಬಾರಿಯ ಆರನೇ ವರ್ಗದಲ್ಲಿ ತೆರಿಗೆ ಮುರಿದುಕೊಳ್ಳಬಹುದು. ಹಣ ಮುಳುಗುವುದಿಲ್ಲ, ಸಂಖ್ಯೆ ಕೊಟ್ಟ ಮೇಲೆ ಸರಿಹೋಗುತ್ತದೆ. ಆದರೆ ಮೊದಲ ತಿಂಗಳು ಕೈ ಬಿಗಿಯಾಗುತ್ತದೆ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುವ ಹಾಗೆ, ನೋಂದಾಯಿಸಿದವರ ಮನೆಗೆ ಪ್ರಸಾರ ಶುಲ್ಕದ ಪತ್ರ ಬಂದೇ ಬರುತ್ತದೆ. ಟಿವಿ ಇರಲಿ ಬಿಡಲಿ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೊ, ಮೂರು ತಿಂಗಳಿಗೊಮ್ಮೆ 55.08. ಮೋಸದ ಪತ್ರವೆಂದು ಎಸೆಯುವವರು ಬಹಳ. ಬಾಕಿ ದಂಡದೊಂದಿಗೆ ಬೆಳೆಯುತ್ತದೆ. ಹಂಚಿಕೊಂಡ ಮನೆಯಲ್ಲಿ ಒಬ್ಬರು ಕಟ್ಟಿದರೆ ಸಾಕು. ಅವರ ಶುಲ್ಕ ಸಂಖ್ಯೆಯನ್ನು ಉತ್ತರದಲ್ಲಿ ಬರೆದು ಕಳಿಸಿ.

ಹಣ, ಮತ್ತು ಬೆನ್ನು ಬಿಡದ ಅಮೆರಿಕದ ತೆರಿಗೆ

ಅಮೆರಿಕದ ಪ್ರಜೆಗಳ ಖಾತೆಗಳನ್ನು ಅಲ್ಲಿನ ತೆರಿಗೆ ಇಲಾಖೆಗೆ ವರದಿ ಮಾಡಬೇಕೆಂಬ ಫಾಟ್ಕಾ ಕಾಯ್ದೆಯ ಕಾರಣ ಖಾತೆ ತೆರೆಯುವಾಗ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯನ್ನೂ ಡಬ್ಲ್ಯು-9 ಫಾರ್ಮನ್ನೂ ಕೇಳುತ್ತಾರೆ. ಈ ಉಸಾಬರಿಯೇ ಬೇಡವೆಂದು ಅಮೆರಿಕದವರನ್ನು ಸೇರಿಸಿಕೊಳ್ಳದ ಬ್ಯಾಂಕುಗಳೂ ಇವೆ. ಒಂದು ಕಡೆ ಇಲ್ಲವೆಂದರೆ ಇನ್ನೊಂದು ಕಡೆ ಕೇಳಿ. ಪೌರತ್ವ ಮುಚ್ಚಿಡಬೇಡಿ, ಹುಟ್ಟಿದ ಸ್ಥಳ ಪಾಸ್‌ಪೋರ್ಟಿನಲ್ಲೇ ಇದೆ.

ಖಾತೆಯ ಸಂಖ್ಯೆ ಡಿಇ ಎಂದು ಶುರುವಾಗುವ 22 ಅಕ್ಷರಗಳ ಐಬಾನ್. ಬಾಡಿಗೆ ಕಳಿಸಲು ಸ್ಥಾಯಿ ಆದೇಶ (ತಿಂಗಳು ತಿಂಗಳು ಒಂದೇ ಮೊತ್ತ ತಾನಾಗಿಯೇ ಹೋಗುವಂತೆ ಬ್ಯಾಂಕಿಗೆ ಹೇಳಿಡುವುದು), ವಿಮೆ ಫೋನು ಬಿಲ್ಲಿಗೆ ಲಾಸ್ಟ್‌ಶ್ರಿಫ್ಟ್ ಎಂಬ ನೇರ ಕಡಿತ. ಚೆಕ್ಕನ್ನು ಇಲ್ಲಿ ಯಾರೂ ಬಳಸುವುದಿಲ್ಲ. ಅನುಮತಿ ಕೊಟ್ಟಿದ್ದ ಕಡಿತ ತಪ್ಪಾಗಿದ್ದರೆ 8 ವಾರದೊಳಗೆ ಬ್ಯಾಂಕಿನಿಂದಲೇ ವಾಪಸ್ ಮಾಡಿಸಬಹುದು. ಕೈಯಲ್ಲಿ ಒಂದು 1 ಅಂಕಿ ಬರೆಯುವಾಗ ಅಮೆರಿಕದ ಬರಿಯ ಗೆರೆ ಎಳೆಯಬೇಡಿ. ಇಲ್ಲಿನ 1ಕ್ಕೆ ಮೇಲಿನಿಂದ ಓರೆ ಬಾಲವಿದೆ, 7ಕ್ಕೆ ನಡುವೆ ಅಡ್ಡಗೆರೆ ಇದೆ. ದಿನಾಂಕದಲ್ಲಿ ದಿನ ಮೊದಲು, ತಿಂಗಳು ಆಮೇಲೆ. 1.500 ಎಂದು ಬರೆದಿದ್ದರೆ ಅದು ಒಂದೂವರೆಯಲ್ಲ, ಸಾವಿರದೈನೂರು.

ಜರ್ಮನಿಯಲ್ಲಿ ವಾಸವಿದ್ದರೂ ಅಮೆರಿಕದ ಪ್ರಜೆ, ಆದಾಯ ಮಿತಿ ಮೀರಿದರೆ, ಅಲ್ಲಿಗೂ ಪ್ರತಿ ವರ್ಷ ರಿಟರ್ನ್ ಸಲ್ಲಿಸಬೇಕು. ಹೊರದೇಶದಲ್ಲಿರುವವರಿಗೆ ಗಡುವು ತಾನಾಗಿಯೇ ಜೂನ್ 15ಕ್ಕೆ ಮುಂದೆ ಹೋಗುತ್ತದೆ. ಜರ್ಮನಿಯ ತೆರಿಗೆ ಹೆಚ್ಚಿರುವುದರಿಂದ ಕೊಡಬೇಕಾದ್ದು ಬಹುಪಾಲು ಸೊನ್ನೆಯೇ. ಆದರೆ ಸೊನ್ನೆ ಎಂದು ಬರೆದು ಕಳಿಸಲೇಬೇಕು. ಬೇರೆ ದೇಶದ ಖಾತೆಗಳಲ್ಲಿ ಎಲ್ಲ ಸೇರಿ ವರ್ಷದ ಯಾವುದೇ ಒಂದು ದಿನ 10,000 ಡಾಲರ್ ದಾಟಿದ್ದರೆ ಎಫ್‌ಬಾರ್ ಎಂಬ ಬೇರೆ ವರದಿ. ತಡೆಖಾತೆಯ 11,904 ಯೂರೊ ಈ ಗೆರೆ ದಾಟುತ್ತದೆ ಎನ್ನುವುದು ವಿದ್ಯಾರ್ಥಿಗಳಿಗೆ ಹೊಳೆಯುವುದೇ ಇಲ್ಲ. ಇನ್ನೊಂದು ಬಲೆ: ಜರ್ಮನ್ ಸಹೋದ್ಯೋಗಿಗಳು ಮೆಚ್ಚಿ ಹೇಳುವ, ಷೇರುಪೇಟೆಯಲ್ಲಿ ಕೊಳ್ಳುವ ಹೂಡಿಕೆ ನಿಧಿಗಳಾದ ಯುರೋಪಿನ ಇಟಿಎಫ್‌ಗಳು. ಅಮೆರಿಕದ ಕಾನೂನಿನಲ್ಲಿ ಅವು ಪಿಫಿಕ್ ಎಂಬ ವರ್ಗಕ್ಕೆ ಸೇರಿ, ತೆರಿಗೆಯೂ ಹೆಚ್ಚು, 8621 ಎಂಬ ಫಾರ್ಮಿನ ಕಾಟವೂ ಹೆಚ್ಚು. ತಿಂಗಳಿಗೆ 50 ಯೂರೊ ಹೂಡುವವರಿಗೆ ಲೆಕ್ಕಿಗರ ಶುಲ್ಕವೇ ಮೀರಿಹೋಗುತ್ತದೆ.

ವಿಮೆ ಮತ್ತು ವೈದ್ಯರು

ಆರೋಗ್ಯ ವಿಮೆ ಕಡ್ಡಾಯ. ಪ್ರವಾಸದ ವಿಮೆಯನ್ನು ವಲಸೆ ಕಚೇರಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ನೌಕರರಿಗೆ ಸಾರ್ವಜನಿಕ ವಿಮೆಯ ಕಂತು ಸಂಬಳದ ಶೇ 14.6, ಜೊತೆಗೆ ಆಯಾ ಸಂಸ್ಥೆಯ ಒಂದಿಷ್ಟು ಹೆಚ್ಚುವರಿ, ಅರ್ಧ ಕಂಪನಿಯದ್ದು. ವಿದ್ಯಾರ್ಥಿಗಳಿಗೆ 30 ವರ್ಷದವರೆಗೆ ಅಗ್ಗದ ಕಂತಿದೆ. ಖಾಸಗಿ ವಿಮೆ ಇನ್ನೂ ಅಗ್ಗವೆಂದು ಮೊದಲ ಸೆಮಿಸ್ಟರಿನಲ್ಲಿ ವಿನಾಯಿತಿ ಪತ್ರ ಬರೆದುಕೊಟ್ಟವರು ಓದು ಮುಗಿಯುವವರೆಗೆ ಸಾರ್ವಜನಿಕ ವಿಮೆಗೆ ಮರಳುವಂತಿಲ್ಲ. ಆ ಸಹಿಗೆ ಮುನ್ನ ಎರಡು ಸಲ ಯೋಚಿಸಿ.

ಜ್ವರ, ಕೆಮ್ಮಿಗೆ ಮೊದಲು ಹೌಸ್‌ಆರ್ಟ್ಸ್ಟ್ ಎಂಬ ಮನೆವೈದ್ಯರು. ಆರೋಗ್ಯ ಚೆನ್ನಾಗಿರುವಾಗಲೇ ಒಬ್ಬರನ್ನು ಗೊತ್ತುಮಾಡಿಕೊಳ್ಳಿ. ರಾತ್ರಿ ಅಥವಾ ವಾರಾಂತ್ಯದಲ್ಲಿ ಪ್ರಾಣಕ್ಕೆ ಅಪಾಯವಿಲ್ಲದ ತೊಂದರೆಗೆ 116117, ಆಂಬುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 112, ಪೊಲೀಸರಿಗೆ 110. ಕೆಲಸಕ್ಕೆ ಹೋಗಲಾಗದಿದ್ದರೆ ಮೊದಲ ದಿನ ಬೆಳಿಗ್ಗೆಯೇ ತಿಳಿಸಬೇಕು. ಮೂರು ದಿನ ಮೀರಿದರೆ ವೈದ್ಯರ ಪ್ರಮಾಣ ಬೇಕು, ಕರಾರಿನಲ್ಲಿ ಇದ್ದರೆ ಮೊದಲ ದಿನದಿಂದಲೇ. ಎಣಿಸುವುದು ಕ್ಯಾಲೆಂಡರ್ ದಿನಗಳನ್ನು, ಶನಿವಾರ ಭಾನುವಾರವೂ ಸೇರಿ.

ಐಬುಪ್ರೊಫೆನ್ ಕೂಡ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗದು, ಆಪೊಟೇಕೆ ಎಂಬ ಔಷಧಿ ಅಂಗಡಿಗೇ ಹೋಗಬೇಕು. ಡೇಎಮ್, ರೊಸ್‌ಮನ್‌ನಂಥ ಡ್ರೊಗೆರಿ ಅಂಗಡಿಗಳಲ್ಲಿ ಶಾಂಪೂ, ವಿಟಮಿನ್ ಇರುತ್ತವೆ, ನೋವಿನ ಮಾತ್ರೆ ಇರುವುದಿಲ್ಲ. ವೈದ್ಯರ ಚೀಟಿಯ ಔಷಧಿಗೆ ಸಾರ್ವಜನಿಕ ವಿಮೆ ಇರುವವರು ಸಾಮಾನ್ಯವಾಗಿ 5ರಿಂದ 10 ಯೂರೊ ಕೊಡಬೇಕು. ನಿತ್ಯ ಔಷಧಿ ಇರುವವರು ಮೂಲ ರಾಸಾಯನಿಕದ ಹೆಸರು ಬರೆದ ವೈದ್ಯರ ಪತ್ರ ತನ್ನಿ. ಆಡರಾಲ್‌ನಂಥ ಕೆಲವು ಅಮೆರಿಕದ ಔಷಧಿಗಳು ಇಲ್ಲಿ ಮಾರಾಟಕ್ಕಿಲ್ಲ, ಬದಲಿ ಹುಡುಕಲು ಸಮಯ ಹಿಡಿಯುತ್ತದೆ. ಅಮ್ಮ ಪಾರ್ಸಲ್‌ನಲ್ಲಿ ಕಳಿಸಿದರೆ ಕಸ್ಟಮ್ಸ್‌ನಲ್ಲೇ ನಿಲ್ಲುತ್ತದೆ. ಯುರೋಪ್ ಒಕ್ಕೂಟದ ಹೊರಗಿಂದ ಅಂಚೆಯಲ್ಲಿ ಔಷಧಿ ತರಿಸುವಂತಿಲ್ಲ. ಉಳಿದ ಉಡುಗೊರೆ 45 ಯೂರೊ ಬೆಲೆಯವರೆಗೆ ಸುಂಕವಿಲ್ಲದೆ ಬರುತ್ತದೆ.

ಇನ್ನೊಂದು ವಿಮೆ ಕಾನೂನಿನಲ್ಲಿ ಕಡ್ಡಾಯವಲ್ಲ, ಆದರೂ ಮಾಡಿಸಲೇಬೇಕು: ಹಾಫ್ಟ್‌ಪ್ಫ್ಲಿಷ್ಟ್, ಪರರಿಗೆ ನಿಮ್ಮಿಂದಾದ ಹಾನಿಯ ಹೊಣೆ. ವರ್ಷಕ್ಕೆ ಒಂದು ಒಳ್ಳೆಯ ಊಟದ ಖರ್ಚಷ್ಟೆ. ಇಡೀ ಕಟ್ಟಡಕ್ಕೆ ಒಂದೇ ಬೀಗದ ವ್ಯವಸ್ಥೆ ಇರುವ ಕಡೆ ಒಂದು ಬೀಗದ ಕೈ ಕಳೆದರೆ ಎಲ್ಲ ಬೀಗ ಬದಲಿಸುವ ಸಾವಿರಾರು ಯೂರೊ ನಿಮ್ಮ ತಲೆಗೆ ಬರಬಹುದು. ಬೀಗದ ಕೈ ಕಳೆದದ್ದೂ ಸೇರಿದೆಯೇ ಎಂದು ಕೇಳಿಯೇ ತೆಗೆದುಕೊಳ್ಳಿ. ಬಾಗಿಲ ಮಾತು ಬಂದಿದ್ದಕ್ಕೆ: ಇಲ್ಲಿನ ಬಾಗಿಲು ಎಳೆದರೆ ಸಾಕು, ಹೊರಗಿನಿಂದ ತೆರೆಯದು. ಕಸ ಹಾಕಲು ಚಪ್ಪಲಿಯಲ್ಲಿ ಇಳಿಯುವಾಗಲೂ ಬೀಗದ ಕೈ ಜೇಬಿನಲ್ಲಿರಲಿ. ಬೀಗ ತೆರೆಯುವವರನ್ನು ಕರೆಯಲೇಬೇಕಾದರೆ ಫೋನಿನಲ್ಲೇ ಒಟ್ಟು ಮೊತ್ತ ಹೇಳಿಸಿಕೊಳ್ಳಿ.

ಕರಾರು, ಪತ್ರ, ಫೈಲು

ಫೋನು, ಇಂಟರ್‌ನೆಟ್, ಜಿಮ್ ಕರಾರುಗಳು 24 ತಿಂಗಳವರೆಗೆ ಕಟ್ಟಿಹಾಕುತ್ತವೆ. ಒಂದೇ ವರ್ಷಕ್ಕೆ ಬಂದವರು ತಿಂಗಳಿಗೊಮ್ಮೆ ಬಿಡಬಹುದಾದದ್ದನ್ನೇ ಆರಿಸಿ. 2022ರ ಮಾರ್ಚ್‌ನಿಂದೀಚೆಗಿನ ಕರಾರುಗಳಲ್ಲಿ ಮೊದಲ ಅವಧಿ ಮುಗಿದ ಮೇಲೆ ಒಂದು ತಿಂಗಳ ನೋಟಿಸು ಸಾಕು. ಬಾಡಿಗೆ ಮನೆ ಬಿಡುವುದು ಬೇರೆ ಲೆಕ್ಕ: ಮೂರು ತಿಂಗಳ ನೋಟಿಸು, ಕಾಗದದ ಮೇಲೆ ಶಾಯಿಯ ಸಹಿ, ಆ ಮೂರರಲ್ಲಿ ಮೊದಲ ತಿಂಗಳ ಮೂರನೇ ಕೆಲಸದ ದಿನದೊಳಗೆ ಮಾಲೀಕರಿಗೆ ತಲುಪಿರಬೇಕು. ಇಮೇಲ್ ಲೆಕ್ಕಕ್ಕಿಲ್ಲ, ನಾಲ್ಕನೇ ದಿನ ತಲುಪಿದರೆ ಇನ್ನೊಂದು ತಿಂಗಳ ಬಾಡಿಗೆ.

ಸರ್ಕಾರಿ ಪತ್ರಕ್ಕೆ ಗಡುವು ಇರುತ್ತದೆ. ಹಳದಿ ಲಕೋಟೆ ಬಂದರೆ ಅದರ ಮೇಲೆ ಅಂಚೆಯವರು ಬರೆದ ದಿನಾಂಕದಿಂದ ದಿನ ಎಣಿಕೆ ಶುರು, ನೀವು ತೆರೆದ ದಿನದಿಂದಲ್ಲ. ಲಕೋಟೆಯನ್ನೂ ಇಟ್ಟುಕೊಳ್ಳಿ. ದಂಡದ ಆದೇಶಕ್ಕೆ ತಕರಾರು ಹೇಳಲು ಎರಡೇ ವಾರ. ಎರಡು ತೂತಿನ ಅಗಲ ಬೆನ್ನಿನ ಫೈಲೊಂದನ್ನು ಮೊದಲ ವಾರವೇ ಕೊಂಡು ಎಲ್ಲ ಕಾಗದ ಅದಕ್ಕೆ ಏರಿಸಿ. ಅಮೆರಿಕದಿಂದ ತಂದ ಫೈಲು ಎ4 ಹಾಳೆಗೆ ಗಿಡ್ಡವಾಗುತ್ತದೆ.

ಮನೆಯೊಳಗಿನ ನಿತ್ಯ

ಪ್ಲಗ್ಗಿನ ಆಕಾರಕ್ಕಿಂತ ವೋಲ್ಟೇಜು ಮುಖ್ಯ: ಇಲ್ಲಿ 230 ವೋಲ್ಟ್, 50 ಹರ್ಟ್ಸ್. ಲ್ಯಾಪ್‌ಟಾಪ್, ಫೋನ್ ಚಾರ್ಜರಿನ ಮೇಲೆ 100–240 ಎಂದಿರುತ್ತದೆ, ಅವಕ್ಕೆ ಅಡಾಪ್ಟರ್ ಸಾಕು. 120 ವೋಲ್ಟಿನ ಹೇರ್ ಡ್ರೈಯರ್, ಮಿಕ್ಸರ್, ಕೂದಲು ನೇರಗೊಳಿಸುವ ಯಂತ್ರ ಅಡಾಪ್ಟರಿನಲ್ಲಿ ಚುಚ್ಚಿದ ಕೂಡಲೇ ಸುಟ್ಟು ವಾಸನೆ ಬರುತ್ತದೆ. ಅವನ್ನು ಅಲ್ಲೇ ಬಿಟ್ಟು ಬನ್ನಿ.

ಹೀಟರಿನ ಗುಂಡಿಯ ಮೇಲಿನ 3 ಎಂದರೆ ಸುಮಾರು 20 ಡಿಗ್ರಿ ಸೆಲ್ಸಿಯಸ್. 5ಕ್ಕೆ ತಿರುಗಿಸಿದರೆ ಬೇಗ ಬಿಸಿಯಾಗುವುದಿಲ್ಲ, ಹೆಚ್ಚು ಹೊತ್ತು ಉರಿಯುತ್ತದೆ ಅಷ್ಟೆ. ಬಿಗಿ ಕಿಟಕಿಯ ಮನೆಗಳಲ್ಲಿ ಉಸಿರು, ಸ್ನಾನ, ಅಡುಗೆಯ ತೇವ ತಣ್ಣನೆ ಗೋಡೆಯ ಮೂಲೆಗೆ ಕೂತು ಕಪ್ಪು ಬೂಷ್ಟು ಹಿಡಿಯುತ್ತದೆ. ಅದಕ್ಕೇ ಶ್ಟೋಸ್‌ಲ್ಯುಫ್ಟೆನ್: ಹೀಟರ್ ಆರಿಸಿ, ಕಿಟಕಿ ಪೂರ್ತಿ ತೆರೆದು 5ರಿಂದ 10 ನಿಮಿಷ, ದಿನಕ್ಕೆ ಎರಡು ಮೂರು ಸಲ, ಆಮೇಲೆ ಮುಚ್ಚುವುದು. ಗಾಳಿ ಬದಲಾಗುತ್ತದೆ, ಗೋಡೆ ತಣ್ಣಗಾಗುವುದಿಲ್ಲ. ದಿನವಿಡೀ ಓರೆ ತೆರೆದಿಟ್ಟರೆ ಇದರ ತದ್ವಿರುದ್ಧ. ಬೂಷ್ಟು ಬಂದರೆ ಮಾಲೀಕರು ಬೆರಳು ತೋರಿಸುವುದು ನಿಮ್ಮ ಕಡೆಗೇ.

ಕಸದಲ್ಲಿ ಪೊಟ್ಟಣದ ಪ್ಲಾಸ್ಟಿಕ್ಕು, ಡಬ್ಬಿ, ಹಾಲಿನ ಪೆಟ್ಟಿಗೆ ಹಳದಿಗೆ, ಕಾಗದ ನೀಲಿಗೆ, ತರಕಾರಿ ಸಿಪ್ಪೆ, ಕಾಫಿ ಚರಟ ಕಂದಿಗೆ, ಉಳಿದದ್ದು ಕಪ್ಪು ಅಥವಾ ಬೂದು ಡಬ್ಬಿಗೆ. ಬಣ್ಣ ಊರಿಂದೂರಿಗೆ ಒಂದಿಷ್ಟು ಬದಲಾಗುತ್ತದೆ, ಮುಚ್ಚಳದ ಮೇಲಿನ ಚಿತ್ರ ನೋಡಿ. ಎಣ್ಣೆ ಮೆತ್ತಿದ ಪಿಜ್ಜಾ ಪೆಟ್ಟಿಗೆ ನೀಲಿಗೆ ಹಾಕಬೇಡಿ. ಗಾಜನ್ನು ಬೀದಿಯ ಪೀಪಾಯಿಗೆ ಒಯ್ಯಬೇಕು, ಬಿಳಿ, ಕಂದು, ಹಸಿರು ಬೇರೆ ಬೇರೆ. ನೀಲಿ ಗಾಜು ಹಸಿರಿಗೆ. ಭಾನುವಾರ ಗಾಜು ಒಡೆಯುವ ಸದ್ದು ಮಾಡಿದರೆ ಮೇಲಿನ ಕಿಟಕಿಯಿಂದ ಮಾತು ಕೇಳಬೇಕಾಗುತ್ತದೆ.

ಬಾಟಲಿಯ ಠೇವಣಿ ಪ್ಫಾಂಡ್: ಒಂದೇ ಬಳಕೆಯ ಪ್ಲಾಸ್ಟಿಕ್ ಬಾಟಲಿ, ಕ್ಯಾನಿಗೆ 25 ಸೆಂಟ್, ಬಿಯರ್ ಬಾಟಲಿಗೆ 8, ಮರುಬಳಕೆಯ ನೀರಿನ ಬಾಟಲಿಗೆ ಸಾಮಾನ್ಯವಾಗಿ 15. ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಒಂದೊಂದಾಗಿ ತೂರಿಸಿ, ಗುಂಡಿ ಒತ್ತಿ ಚೀಟಿ ತೆಗೆದು, ಬಿಲ್ಲಿನಲ್ಲಿ ಕಳೆಸಿಕೊಳ್ಳುವುದು. ಕ್ಯಾನನ್ನು ತುಳಿದು ಚಪ್ಪಟೆ ಮಾಡಿದ್ದರೆ ಯಂತ್ರಕ್ಕೆ ಗುರುತು ಓದಲಾಗದೆ ಹಿಂದಕ್ಕೆ ಉಗುಳುತ್ತದೆ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಸಂಜೆಯೊಳಗೆ ಹಾಲು, ಬ್ರೆಡ್ಡು ತಂದಿಡಿ. ಮರೆತರೆ ದೊಡ್ಡ ರೈಲು ನಿಲ್ದಾಣದ ಅಂಗಡಿಯೋ ಪೆಟ್ರೋಲ್ ಬಂಕೋ ಗತಿ. ಬವೇರಿಯಾದಲ್ಲಿ ವಾರದ ದಿನವೂ ಎಂಟಕ್ಕೆ ಬಾಗಿಲು. ರಾತ್ರಿ 10ರಿಂದ ಬೆಳಿಗ್ಗೆ 6, ಮತ್ತು ಭಾನುವಾರವಿಡೀ ಸದ್ದಿಲ್ಲದ ಹೊತ್ತು: ಡ್ರಿಲ್ ಬೇಡ, ವ್ಯಾಕ್ಯೂಮ್ ಬೇಡ.

ಅಮೆರಿಕದ ಪಾಕವಿಧಾನ ಇಲ್ಲಿ ಕೈಕೊಡಲು ಕಾರಣ ಹಿಟ್ಟು. ಸೂಪರ್‌ಮಾರ್ಕೆಟ್ಟಿನಲ್ಲಿ ಹೆಚ್ಚು ಕಾಣುವ 405 ನಂಬರಿನದು ನವಿರು, ಕೇಕಿಗೆ ಸರಿ. ಆಲ್ ಪರ್ಪಸ್‌ಗೆ ಹತ್ತಿರದ್ದು 550. ಅಡುಗೆ ಸೋಡಾ ನಾಟ್ರೋನ್ ಎಂಬ ಹೆಸರಿನಲ್ಲಿದೆ. ಫ್ಯಾರನ್‌ಹೀಟ್ 350 ಎಂದಿದ್ದರೆ ಓವನ್ನು 175ಕ್ಕೆ. ಹೋಟೆಲಿನಲ್ಲಿ ನೀರಿಗೂ ಹಣ, ಬರೀ ನೀರು ಎಂದರೆ ಗುಳ್ಳೆ ನೀರು ಬರುವುದೇ ಹೆಚ್ಚು. “ಶ್ಟಿಲ್” ಎಂದು ಕೇಳಿ. ಟಿಪ್ಸನ್ನು ಮೇಜಿನ ಮೇಲೆ ಬಿಟ್ಟು ಬರುವುದಿಲ್ಲ. 27.50 ಬಿಲ್ಲಿಗೆ “ಮೂವತ್ತು” ಎಂದು ಹೇಳಿ ಕೊಡುವುದು. ಶೇ 5ರಿಂದ 10 ಧಾರಾಳ.

ಓಡಾಟ

ಡಾಯ್ಚ್‌ಲಂಡ್‌ಟಿಕೆಟ್ ಒಂದಿದ್ದರೆ ದೇಶದ ಎಲ್ಲ ಸಿಟಿ ಬಸ್ಸು, ಟ್ರಾಮು, ಮೆಟ್ರೋ, ಪ್ರಾದೇಶಿಕ ರೈಲು ಹತ್ತಬಹುದು. 2026ರ ಜನವರಿಯಿಂದ ತಿಂಗಳಿಗೆ 63 ಯೂರೊ. ಐಸಿಇ, ಐಸಿ ವೇಗದ ರೈಲಿಗೆ ನಡೆಯದು. ಇದು ಚಂದಾ, ಬೇಡವೆಂದರೆ ಹಿಂದಿನ ತಿಂಗಳ 10ರೊಳಗೆ ರದ್ದು ಮಾಡಬೇಕು. ಬಿಡಿ ಟಿಕೆಟ್ ಕೊಂಡವರು ಮುದ್ರೆಯ ಪೆಟ್ಟಿಗೆ ಇರುವ ಊರಿನಲ್ಲಿ ಮುದ್ರೆ ಹಾಕಿಸಲೇಬೇಕು. ಮುದ್ರೆ ಇಲ್ಲದ ಟಿಕೆಟ್ಟು ಟಿಕೆಟ್ಟೇ ಅಲ್ಲ, 60 ಯೂರೊ ದಂಡ. ಹೊಸಬನೆಂಬ ನೆಪ ನಡೆಯುವುದು ಅಪರೂಪ.

ಅಮೆರಿಕದ ಡ್ರೈವಿಂಗ್ ಲೈಸೆನ್ಸು ವಾಸ ಶುರುವಾದ ದಿನದಿಂದ 6 ತಿಂಗಳು ನಡೆಯುತ್ತದೆ. ಆಮೇಲಿನದು ಯಾವ ರಾಜ್ಯದ್ದು ಎನ್ನುವುದರ ಮೇಲೆ. ಟೆಕ್ಸಾಸ್‌ನದಾದರೆ ಪರೀಕ್ಷೆಯಿಲ್ಲದೆ ಬದಲಿಸಿಕೊಡುತ್ತಾರೆ, ಫ್ಲೋರಿಡಾದ್ದಾದರೆ ಲಿಖಿತ ಪರೀಕ್ಷೆ, ಕ್ಯಾಲಿಫೋರ್ನಿಯಾ, ನ್ಯೂಯಾರ್ಕಿನದಾದರೆ ಲಿಖಿತವೂ ಹೌದು, ಓಡಿಸಿ ತೋರಿಸುವುದೂ ಹೌದು. ರಸ್ತೆಯಲ್ಲಿ ಎರಡು ಅಭ್ಯಾಸ ಬಿಡಬೇಕು. ಕೆಂಪು ದೀಪದಲ್ಲಿ ಬಲಕ್ಕೆ ತಿರುಗುವುದು ಇಲ್ಲ, ಹಸಿರು ಬಾಣದ ಫಲಕವಿದ್ದರೆ ಪೂರ್ತಿ ನಿಲ್ಲಿಸಿ ಆಮೇಲೆ ಮಾತ್ರ. ಫಲಕವಿಲ್ಲದ ಕೂಡುರಸ್ತೆಯಲ್ಲಿ ಮೊದಲು ಬಂದವರಿಗಲ್ಲ, ಬಲಗಡೆಯಿಂದ ಬರುವವರಿಗೆ ದಾರಿ. ಸೈಕಲ್ಲಿಗೂ ನಿಯಮಗಳಿವೆ: ಕೆಂಪು ದೀಪ ದಾಟಿದರೆ 60 ಯೂರೊ, ಫೋನು ಹಿಡಿದು ತುಳಿದರೆ 55. ನಡೆಯುವವರಿಗೆ 5 ಯೂರೊ ಮಾತ್ರ. ಆದರೆ ಮಕ್ಕಳ ಎದುರು ಕೆಂಪಿನಲ್ಲಿ ದಾಟಿದರೆ ಅಕ್ಕಪಕ್ಕದವರ ಬೈಗುಳ ಬಿಟ್ಟಿಯಾಗಿ ಸಿಗುತ್ತದೆ.

ಜನರ ನಡುವೆ

ಕನ್ನಡದ ನೀನು, ನೀವು ಬಲ್ಲವರಿಗೆ ಡು, ಜೀ ಹೊಸದಲ್ಲ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಕಷ್ಟ. ಕಚೇರಿ, ವೈದ್ಯರು, ನೆರೆಮನೆಯ ಹಿರಿಯರಿಗೆ ಜೀ. ಡು ಎಂದು ಕರೆಯಲು ಹಿರಿಯರೇ ಮೊದಲು ಹೇಳಲಿ. ವೈದ್ಯರ ಕಾಯುವ ಕೋಣೆಗೆ ಕಾಲಿಟ್ಟಾಗ, ಮೆಟ್ಟಿಲಲ್ಲಿ ಎದುರಾದಾಗ ಒಂದು ನಮಸ್ಕಾರ ಹೇಳದಿದ್ದರೆ ಒರಟರೆನಿಸುತ್ತೀರಿ. ಬೀದಿಯಲ್ಲಿ ಅಪರಿಚಿತರಿಗೆ ನಗೆ ಬೀರಿದರೆ ಏನೋ ಬೇಕಾಗಿದೆ ಎಂದುಕೊಳ್ಳುತ್ತಾರೆ. ಹೇಗಿದ್ದೀರಿ ಎಂದು ಕೇಳಿದರೆ ನಿಜವಾದ ಉತ್ತರ ಬರುತ್ತದೆ, ಮಂಡಿನೋವಿನ ಸಮೇತ. ಹುಟ್ಟುಹಬ್ಬಕ್ಕೆ ಮುಂಚೆ ಶುಭಾಶಯ ಹೇಳಬಾರದು, ಅಪಶಕುನ. ಕಚೇರಿಯಲ್ಲಿ ಕೇಕು ತರಬೇಕಾದವರು ಹುಟ್ಟುಹಬ್ಬದವರೇ.

ಭಾಷೆಗೆ ಊರೂರಿನ ವಯಸ್ಕರ ಕಲಿಕಾ ಕೇಂದ್ರವಾದ ಫೋಲ್ಕ್ಸ್‌ಹೋಖ್‌ಶೂಲೆಯ ಸಂಜೆ ತರಗತಿಗಳು ಅಗ್ಗ, ಚೆನ್ನ. ಅಂಕಿಗಳನ್ನು ಮೊದಲು ಕಲಿಯಿರಿ: ಇಪ್ಪತ್ತೊಂದು ಎನ್ನಲು ಅವರು ಒಂದು-ಮತ್ತು-ಇಪ್ಪತ್ತು ಎನ್ನುತ್ತಾರೆ, ಫೋನಿನಲ್ಲಿ ಸಂಖ್ಯೆ ಬರೆದುಕೊಳ್ಳುವಾಗ ತಿರುವುಮುರುವಾಗುತ್ತದೆ. ಅನುಮಾನವಿದ್ದರೆ ಒಂದೊಂದೇ ಅಂಕಿ ಹೇಳಿ ಎಂದು ಕೇಳಿ.

ಜರ್ಮನಿ ಬಿಟ್ಟು ಹೋಗುವ ದಿನ ಬಂದರೆ ಆಪ್‌ಮೆಲ್ಡುಂಗ್ ಎಂಬ ನೋಂದಣಿ ರದ್ದು ಬಾಕಿ ಇರುತ್ತದೆ: ಹೊರಡುವ ಒಂದು ವಾರ ಮುಂಚಿನಿಂದ ಎರಡು ವಾರದ ನಂತರದವರೆಗೆ. ಆ ಚೀಟಿ ಇದ್ದರೆ ಪ್ರಸಾರ ಶುಲ್ಕ, ವಿಮೆ ನಿಲ್ಲಿಸಲು ದಾರಿಯಾಗುತ್ತದೆ. ಠೇವಣಿ ವಾಪಸ್ ಬರಲು ತಿಂಗಳುಗಟ್ಟಲೆ ಹಿಡಿಯುವುದುಂಟು. ಬ್ಯಾಂಕ್ ಖಾತೆಯನ್ನು ಎಲ್ಲಕ್ಕಿಂತ ಕೊನೆಗೆ ಮುಚ್ಚಿ.